ಒಂದು ಎಕರೆಗೆ ಮೂರು ದರ

ಕುಷ್ಟಗಿಗೆ ಮೊದಲು ಬಂದದ್ದು ರೈಲಲ್ಲ, ಪ್ಲಾಟು. ಗದಗ–ವಾಡಿ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2013-14ರಲ್ಲಿ; ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಕುಷ್ಟಗಿಯಲ್ಲಿ ಹಸಿರು ನಿಶಾನೆ ತೋರಿಸಿದ್ದು 2025ರ ಮೇ 15ರಂದು. ನಡುವಿನ ವರ್ಷಗಳಲ್ಲಿ ರೈಲು ತಳಕಲ್, ಕುಕನೂರು, ಯಲಬುರ್ಗಾ ಎಂದು ಹಳ್ಳಕೊಳ್ಳ, ಕಡತ, ಕಚೇರಿ ದಾಟುತ್ತ ಬಂತು. ಪ್ಲಾಟಿಗೆ ಇಂಥ ತಾಪತ್ರಯಗಳಿಲ್ಲ. ಸರ್ವೇದವರು ಕಲ್ಲು ನೆಟ್ಟು ಜೀಪು ಹತ್ತಿದ ಕೂಡಲೇ ಸಜ್ಜೆ ಬೆಳೆಯುತ್ತಿದ್ದ ಮಸಾರಿ ಹೊಲದಲ್ಲಿ ಸುಣ್ಣ ಬಳಿದ ಗೂಟಗಳು ಮೊಳೆಯುತ್ತವೆ. ಮಳೆ ಬೇಡ, ಗೊಬ್ಬರ ಬೇಡ. ಒಂದು ಕಮಾನು, ನಾಲ್ಕು ಬಣ್ಣದ ಬಾವುಟ, ಒಂದು ಫ್ಲೆಕ್ಸು ಸಾಕು. "ರೈಲು ನಿಲ್ದಾಣಕ್ಕೆ ಐದೇ ನಿಮಿಷ" ಎಂದು ಫ್ಲೆಕ್ಸು ಹೇಳುತ್ತದೆ. ಯಾವ ವಾಹನದಲ್ಲಿ, ಯಾವ ರಸ್ತೆಯಲ್ಲಿ ಎಂದು ಕೇಳುವುದು ಸಭ್ಯರ ಲಕ್ಷಣವಲ್ಲ.

ಈ ವಿದ್ಯೆಯಲ್ಲಿ ಗಂಗಾವತಿ ಹಿರಿಯಣ್ಣ. ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997-98ರಲ್ಲಿ. ಈ ಎರಡೂ ಊರುಗಳಿರುವ ಕೊಪ್ಪಳ ಜಿಲ್ಲೆ ಹುಟ್ಟಿದ್ದೂ 1997ರಲ್ಲೇ. ಗಂಗಾವತಿಯವರು ತಮ್ಮೂರಿನಲ್ಲಿ ರೈಲು ಹತ್ತಿದ್ದು 2019ರಲ್ಲಿ. ಮಂಜೂರಾದ ವರ್ಷ ಹುಟ್ಟಿದ ಕೂಸು ಅಷ್ಟರಲ್ಲಿ ಬಸ್ಸಿನಲ್ಲೇ ಓಡಾಡಿ ಡಿಗ್ರಿ ಮುಗಿಸಿತ್ತು. ಆದರೆ ಎಡದಂಡೆ ಕಾಲುವೆಯ ನೀರುಂಡು ಭತ್ತ ಕೊಡುವ ಗದ್ದೆಗೆ "ರೇಲ್ವೆ ಲೈನಿನ ಜಾಗ" ಎಂಬ ಬಿರುದು ಸಿಗಲು ಇಪ್ಪತ್ತು ವರ್ಷ ಬೇಕಾಗುವುದಿಲ್ಲ.

ದಲ್ಲಾಳಿಗಳ ಮಾತು ಕೇಳಬೇಕು.

"ಸರ, ಸಂಚಕಾರ ಇವತ್ತ ಕೊಟ್ಟುಬಿಡ್ರಿ. ನಾಳೆ ರೈಲು ಬಂತಂದ್ರ ಎಕರೆ ಮಾತು ಮುಗೀತು, ಫುಟ್ಟಿನ ಲೆಕ್ಕ ಸುರು."

"ರೈಲು ಯಾವಾಗ ಬರ್ತೈತಿ?"

"ರೈಲಿನ ಮಾತು ರೈಲ್ವೆದವರಿಗೆ ಬಿಡ್ರಿ. ನಾವು ಪ್ಲಾಟಿನ ಮಾತಾಡೋಣು."

ನಮ್ಮ ಸೀಮೆಯಲ್ಲಿ ಒಂದು ಎಕರೆಗೆ ಮೂರು ದರ. ಚಹಾದಂಗಡಿಯಲ್ಲಿ ಹೇಳುವುದು ಒಂದು, ಚೀಲದಲ್ಲಿ ಎಣಿಸಿ ಕೊಡುವುದು ಇನ್ನೊಂದು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆಸುವುದು ಮತ್ತೊಂದು. ಮೂರನೆಯದು ಯಾವಾಗಲೂ ಬಡಪಾಯಿ. ಮುದ್ರಾಂಕ ಶುಲ್ಕ ಉಳಿಸಬೇಕಲ್ಲ! ಕೊಟ್ಟದ್ದು ಮೂವತ್ತಾದರೆ ಬರೆಸುವುದು ಹತ್ತು. ಮಾರುವವನೂ ಖುಷಿ, ಕೊಳ್ಳುವವನೂ ಖುಷಿ, ಪತ್ರ ಬರೆಯುವವನಂತೂ ಪರಮ ಖುಷಿ. ಮಾರ್ಗಸೂಚಿ ದರಕ್ಕಿಂತ ಒಂದು ರೂಪಾಯಿ ಹೆಚ್ಚು ಬರೆಸಿದವನನ್ನು ಊರು ಅನುಕಂಪದಿಂದ ನೋಡುತ್ತದೆ.

ಆಮೇಲೆ ಒಂದು ದಿನ ಯೋಜನೆ ಬರುತ್ತದೆ. ಜಮೀನಿಗೆ ಎಷ್ಟು ಕೊಡಬೇಕೆಂದು ಸರ್ಕಾರ ಲೆಕ್ಕ ಹಾಕುವುದು ಚಹಾದಂಗಡಿಯಲ್ಲಿ ಕೂತು ಅಲ್ಲ. 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಂ ಪ್ರಕಾರ, ಸರ್ಕಾರದ ಕನಿಷ್ಠ ದರವನ್ನೂ, ಸುತ್ತಮುತ್ತ ಹಿಂದಿನ ಮೂರು ವರ್ಷ ನೋಂದಣಿಯಾದ ಖರೀದಿ ಪತ್ರಗಳನ್ನೂ ಮುಂದಿಟ್ಟುಕೊಂಡು, ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ಹಳ್ಳಿಯ ಜಮೀನಾದರೆ ಅದನ್ನು ಒಂದರಿಂದ ಎರಡರವರೆಗಿನ ಅಂಕಿಯಿಂದ ಗುಣಿಸಿ, ಮೇಲೆ ಶೇಕಡಾ 100 ಸಾಂತ್ವನ ಧನ ಸೇರಿಸುತ್ತಾರೆ. ಕೇಳಲು ಧಾರಾಳವಾಗಿದೆ. ಆದರೆ ಗುಣಿಸುವುದು ಯಾವುದನ್ನು? ನಾವೇ ಜಾಣತನದಿಂದ ಬರೆಸಿದ ಆ ಹತ್ತನ್ನು. ಮೂವತ್ತಕ್ಕೆ ಸತ್ಯಸಾಕ್ಷಿ ಹೇಳಬೇಕಾದ ಚಹಾದಂಗಡಿಯವನಿಗೆ ಯಾರೂ ಸಮನ್ಸು ಕಳಿಸುವುದಿಲ್ಲ.

ಇನ್ನೊಂದು ಸೊಗಸಿದೆ. ಬೆಲೆಯ ಲೆಕ್ಕ ಪ್ರಾಥಮಿಕ ಅಧಿಸೂಚನೆ ಹೊರಟ ದಿನಕ್ಕೆ ನಿಲ್ಲುತ್ತದೆ. ಅದರ ನಂತರ ದರ ಎಷ್ಟು ಕುಣಿದರೂ ಜಮೀನು ಕೊಟ್ಟವನಿಗೆ ಸಂಬಂಧವಿಲ್ಲ. ಹಳಿಯ ಕೆಳಗೆ ಹೋದ ಹೊಲಕ್ಕೆ ನಿನ್ನೆಯ ದರ, ಹಳಿಯ ಪಕ್ಕ ಉಳಿದ ಹೊಲಕ್ಕೆ ನಾಳೆಯ ದರ. ಒಂದೇ ಬದು, ಅಣ್ಣತಮ್ಮಂದಿರ ಪಾಲು. ಅಣ್ಣ ಪರಿಹಾರ ಹೆಚ್ಚಿಸಿ ಎಂದು ಕೋರ್ಟಿನ ಮೆಟ್ಟಿಲು ಸವೆಸುತ್ತಾನೆ, ತಮ್ಮ ಕಮಾನು ಕಟ್ಟಿಸಿ ಲೇಔಟಿಗೆ ಅಪ್ಪನ ಹೆಸರಿಡುತ್ತಾನೆ. ಇದಕ್ಕೆ ಅಭಿವೃದ್ಧಿ ಎನ್ನುತ್ತಾರೆ. ಹಬ್ಬಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರುವುದಿಲ್ಲ ಎಂಬುದು ಯಾವ ಯೋಜನಾ ವರದಿಯಲ್ಲೂ ಬರುವುದಿಲ್ಲ.

ಹೆದ್ದಾರಿಯ ಮಹಿಮೆಯೂ ಕಡಿಮೆಯದಲ್ಲ. ಕುಷ್ಟಗಿಗೆ 50, ಕೊಪ್ಪಳಕ್ಕೆ 67ನೇ ರಾಷ್ಟ್ರೀಯ ಹೆದ್ದಾರಿ. "ಹೈವೇ ಟಚ್" ಎಂದು ದುಡ್ಡು ಸುರಿದು ಕೊಂಡವನಿಗೆ ಆಮೇಲೆ ಗೊತ್ತಾಗುವುದು: ಪ್ಲಾಟು ಹೆದ್ದಾರಿಗೆ ಅಂಟಿಕೊಂಡಿದೆ ನಿಜ, ಆದರೆ ಹೆದ್ದಾರಿಗೆ ಇಳಿಯಲು ಅಪ್ಪಣೆ ಬೇಕು, ಎದುರು ಬದಿಗೆ ಹೋಗಲು ನಡುವಿನ ವಿಭಜಕ ಎಲ್ಲಿ ಬಾಯಿಬಿಟ್ಟಿದೆಯೋ ಅಲ್ಲಿಯತನಕ ಹೋಗಿ ತಿರುಗಿ ಬರಬೇಕು. ಬೈಪಾಸಾದ ಕಡೆಗಳಲ್ಲಿ ಹಳೇ ರಸ್ತೆಯ ಖಾನಾವಳಿಯವರು ಮಂಡಾಳ ಒಗ್ಗರಣಿ ಕಲಸಿಟ್ಟು ನಿಲ್ಲದ ಲಾರಿಗಳ ಸದ್ದು ಕೇಳುತ್ತ ಕೂತಿರುತ್ತಾರೆ. ಅವರ ಮಳಿಗೆಯ ಬೆಲೆ ಇಳಿದದ್ದಕ್ಕೆ ಪರಿಹಾರ ಕೊಡುವ ಇಲಾಖೆ ಇನ್ನೂ ಹುಟ್ಟಿಲ್ಲ.

ಹಸಿರು ನಿಶಾನೆಯ ದಿನ ಕುಷ್ಟಗಿಗೆ ಬಂದದ್ದು ಹುಬ್ಬಳ್ಳಿಗೆ ಹೋಗುವ ಒಂದು ರೈಲು. ಅದರ ಮುಂದೆ ಲಿಂಗಸುಗೂರು, ಸುರಪುರ, ಶಹಾಪುರ ದಾರಿ ನೋಡುತ್ತಿವೆ. ಅಲ್ಲಿಯ ರೈತ ಬಾಂಧವರಿಗೆ ಒಂದೇ ಬಿನ್ನಹ: ಗೂಟದವರು ಬರುವ ಮೊದಲು ಖರೀದಿ ಪತ್ರದಲ್ಲಿ ಕೈಬದಲಾದ ಹಣವನ್ನೇ ಬರೆಸಿರಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1 ಇದ್ದದ್ದು 2 ಆಗಿದೆ, ಗೊತ್ತು. ಆದರೂ ಬರೆಸಿರಿ.