ಐದನೇ ಸಿಂಫನಿಯ ಭಾಷ್ಯಭೇದ ಮೀಮಾಂಸೆ

ಬೆಥೋವನ್ನನ ಐದನೇ ಸಿಂಫನಿ ಮೊದಲ ಬಾರಿ ಕೇಳಿಬಂದದ್ದು ವಿಯೆನ್ನಾದಲ್ಲಿ, 1808ರ ಡಿಸೆಂಬರ್ 22ರಂದು. ಅವನು ಬರೆದದ್ದು ಮೂಲ, ಆಮೇಲಿನದೆಲ್ಲ ಭಾಷ್ಯ. ಭಾಷ್ಯಕಾರನಾದ ವಾದ್ಯವೃಂದ ನಿರ್ದೇಶಕನ ಕೈಯಲ್ಲೊಂದು ಕೋಲು, ಶಿಷ್ಯರ ಕೈಯಲ್ಲೊಂದು ಸ್ಟಾಪ್‌ವಾಚು.

ಮೊದಲ ವಿವಾದವೇ ಮೌನದ್ದು. ಜಗತ್ಪ್ರಸಿದ್ಧವಾದ ಆ ನಾಲ್ಕು ಸ್ವರಗಳಿಗೆ ಮುಂಚೆ ಬೆಥೋವನ್ ಚಿಕ್ಕದೊಂದು ವಿರಾಮ ಬರೆದಿಟ್ಟಿದ್ದಾನೆ. ಕೃತಿ ಶುರುವಾಗುವುದೇ ಕೇಳಿಸದ ಅಕ್ಷರದಿಂದ. ಅದು ಯಾರ ಧ್ವನಿಮುದ್ರಣದಲ್ಲಿ ಹೆಚ್ಚು ಗಂಭೀರವಾಗಿದೆ ಎಂದು ತೀರ್ಪು ಕೊಡಬಲ್ಲ ಪಂಡಿತರೂ ಇದ್ದಾರು. 1913ರಲ್ಲಿ ಆರ್ಥರ್ ನಿಕಿಶ್ ಬರ್ಲಿನ್ ಫಿಲ್ಹಾರ್ಮೋನಿಕ್‌ನಿಂದ, ಮೈಕಿಲ್ಲದ ಕಾಲದಲ್ಲಿ, ಧ್ವನಿ ಹಿಡಿಯುವ ಕೊಂಬಿನ ಮುಂದೆ ಕೂರಿಸಿ ನುಡಿಸಿದ ಮುದ್ರಣದಲ್ಲಿ ಆ ಮೌನ ತಟ್ಟೆಯ ಗರಗರದಲ್ಲಿ ಮುಳುಗಿಹೋಗಿದೆ. ಆದ್ದರಿಂದ ಅದೇ ಶ್ರೇಷ್ಠ ಎನ್ನುವವರನ್ನು ವಾದದಲ್ಲಿ ಸೋಲಿಸುವಂತಿಲ್ಲ.

ಎರಡನೆಯದು ವೇಗ. 1817ರಲ್ಲಿ ಬೆಥೋವನ್ ಲಯ ಅಳೆಯುವ ಯಂತ್ರವಾದ ಮೆಟ್ರೊನೋಮಿನ ಅಂಕೆ ಪ್ರಕಟಿಸಿದ: ಮೊದಲ ಭಾಗಕ್ಕೆ ನಿಮಿಷಕ್ಕೆ 108 ಬಾರ್, ಅಂದರೆ ತಾಳದ ಆವರ್ತ. ಇರುವುದು 502 ಬಾರ್. ನಡುವಿನ ನಿಲುಗಡೆ, ಪುನರಾವರ್ತನೆಗಳನ್ನು ಬಿಟ್ಟು ಭಾಗಿಸಿದರೆ ಐದು ನಿಮಿಷವೂ ಆಗದು. ಅಂಕೆ ರುಚಿಸದವರು, ಬೆಥೋವನ್ನನ ಯಂತ್ರವೇ ಕೆಟ್ಟಿತ್ತು ಎಂದರು. ಪಾಠ ಒಪ್ಪಿಗೆಯಾಗದಿದ್ದರೆ ಲಿಪಿಕಾರನ ಪ್ರಮಾದ ಎನ್ನುವುದು ನಮ್ಮಲ್ಲೂ ಸಂದ ಉಪಾಯವೇ.

ಪಂಥಗಳು ಹುಟ್ಟಿದ್ದು ಇಲ್ಲಿಂದ. ಅಕ್ಷರವಾದಿಗಳ ಆಚಾರ್ಯ ಟೊಸ್ಕನೀನಿ. ಧ್ವನ್ಯರ್ಥವಾದಿಗಳ ಆಚಾರ್ಯ ಫುರ್ಟ್‌ವೆಂಗ್ಲರ್. ಯುದ್ಧದ ನಂತರ, 1947ರ ಮೇ ತಿಂಗಳಲ್ಲಿ, ಬರ್ಲಿನ್ನಿಗೆ ಮರಳಿ ಈತ ನಡೆಸಿದ ಕಛೇರಿಯ ಮುದ್ರಣದಲ್ಲಿ ವೇಗ ಹಿಗ್ಗುತ್ತದೆ, ಕುಗ್ಗುತ್ತದೆ, ಸ್ಟಾಪ್‌ವಾಚಿನ ಶಿಷ್ಯ ಬೆವರುತ್ತಾನೆ. 1968ರಲ್ಲಿ ಪಿಯರ್ ಬುಲೆಜ್ ಲಂಡನ್ನಿನ ನ್ಯೂ ಫಿಲ್ಹಾರ್ಮೋನಿಯಾ ಜೊತೆ ಮಾಡಿದ ಮುದ್ರಣವಂತೂ ಮಂದಗತಿ ಪಂಥದ ಶಿಖರ. ಆ ನಾಲ್ಕು ಸ್ವರಗಳೆಂದರೆ ವಿಧಿ ಬಾಗಿಲು ಬಡಿಯುವ ಸದ್ದು ಎಂದು ಬೆಥೋವನ್ನನ ಕಾರ್ಯದರ್ಶಿ ಷಿಂಡ್ಲರ್ ಹಬ್ಬಿಸಿದ ಕತೆಯಿದೆಯಲ್ಲ, ಬುಲೆಜ್‌ನಲ್ಲಿ ವಿಧಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಆಮೇಲೆ ಬಾಗಿಲಿಗೆ ಬರುತ್ತದೆ.

ಕಾರ್ಲೋಸ್ ಕ್ಲೈಬರ್ 1974ರಲ್ಲಿ ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ ಮಾಡಿದ್ದನ್ನು ಬಹುತೇಕ ಎಲ್ಲ ಪಂಥದವರೂ ಮೆಚ್ಚುತ್ತಾರೆ. ಮೀಮಾಂಸೆಗೆ ಇದರಿಂದ ಆದ ನಷ್ಟ ಅಷ್ಟಿಷ್ಟಲ್ಲ.

ಕನ್ನಡನಾಡಿಗೂ ಈ ಶಾಸ್ತ್ರದಲ್ಲಿ ಪಾಲುಂಟು. ಮೈಸೂರಿನ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಕರಾಯನ್‌ನಂಥ ನಿರ್ದೇಶಕರ ಬೆನ್ನಿಗೆ ತಮ್ಮ ಹಣ ಇದ್ದೂ ಅವರು ಐದನೆಯದಕ್ಕೆ ಇನ್ನೊಂದು ಭಾಷ್ಯ ಬರೆಸಲು ಹೊರಡಲಿಲ್ಲ. ಮೆಟ್ನರ್, ಬಲಾಕಿರೆವ್ ಎಂದು ಹೆಚ್ಚು ಜನ ಮುಟ್ಟದ ರಚನಕಾರರ ಕೃತಿಗಳನ್ನು ಮುದ್ರಣ ಮಾಡಿಸಿದರು. ಹೋಲಿಸಲು ಎರಡನೇ ತಟ್ಟೆ ಸಿಗುವತನಕ ಪಂಡಿತರು ಸುಮ್ಮನೆ ಸಂಗೀತ ಕೇಳಬೇಕಾಯಿತು.