ಆಟಾರ್ಹ ನಗರ ಲಕ್ಷಣ ವಿಚಾರ

ರೈಲುಮಾರ್ಗ ಕಟ್ಟುವ ಕಂಪ್ಯೂಟರ್ ಆಟಗಳಲ್ಲಿ ಕೆಲವು ಊರುಗಳಿಗೆ ಮಾತ್ರ ಒಳಗೆ ಪ್ರವೇಶ. ಉಳಿದವು ಹೊರಗಿನಿಂದಲೇ ಕೈಮುಗಿಯಬೇಕು. ಇದಕ್ಕೆ ಕಾರಣವೇನೆಂದು ನಮ್ಮ ಪೂರ್ವಾಚಾರ್ಯರು ತಲೆಕೆಡಿಸಿಕೊಂಡಂತೆ ತೋರುವುದಿಲ್ಲ. ಅವರಿಗೆ ಬೇರೆ ಕೆಲಸವಿತ್ತು.

ಪ್ರಮಾಣಗ್ರಂಥ ನ್ಯೂಜಿಲೆಂಡಿನ ಡೈನೋಸಾರ್ ಪೋಲೋ ಕ್ಲಬ್ಬಿನವರು 2015ರಲ್ಲಿ ಹೊರತಂದ 'ಮಿನಿ ಮೆಟ್ರೋ'. ಅದರಲ್ಲಿ ಲಂಡನ್, ಪ್ಯಾರಿಸ್, ಬರ್ಲಿನ್ ಇವೆ. ಥೇಮ್ಸ್, ಸೇನ್, ಸ್ಪ್ರೇ ನದಿಗಳೂ ಇವೆ. ಆದ್ದರಿಂದ 'ನದಿಯುಳ್ಳದ್ದು ಆಟಾರ್ಹ ನಗರ' ಎಂಬುದು ಮೊದಲ ಲಕ್ಷಣ. ಹಾಂಗ್‌ಕಾಂಗಿನಲ್ಲಿ ಇದಕ್ಕೆ ಅವ್ಯಾಪ್ತಿ ದೋಷ ಬಡಿಯುತ್ತದೆ. ಅಲ್ಲಿ ರೈಲು ದಾಟಬೇಕಾದದ್ದು ಕಡಲನ್ನು. 'ನದಿ'ಯನ್ನು ಅಳಿಸಿ 'ನೀರು' ಎಂದು ತಿದ್ದಿದೆವೋ, ಅತಿವ್ಯಾಪ್ತಿ ವಕ್ಕರಿಸುತ್ತದೆ: ಶ್ರೀರಂಗಪಟ್ಟಣಕ್ಕೆ ಸುತ್ತಲೂ ನೀರೇ. ಮೆಟ್ರೋ ಇರಲೇಬೇಕೆಂಬ ವಿಶೇಷಣ ಸೇರಿಸೋಣವೆಂದರೆ ಆಕ್ಲೆಂಡ್ ಅಡ್ಡ ಬರುತ್ತದೆ. ಅಲ್ಲಿರುವುದು ಉಪನಗರ ರೈಲು; ಆದರೂ ಆಟದಲ್ಲಿ ಜಾಗ ಸಿಕ್ಕಿದೆ. ಫಿನ್ಲೆಂಡಿನ ಕೊಲಾಸಲ್ ಆರ್ಡರ್‌ನವರೂ 2011ರ 'ಸಿಟೀಸ್ ಇನ್ ಮೋಷನ್'ನಲ್ಲಿ ವಿಯೆನ್ನಾ, ಬರ್ಲಿನ್, ಆಮ್‌ಸ್ಟರ್‌ಡ್ಯಾಮ್‌ಗಳ ಪಂಕ್ತಿಯಲ್ಲೇ ಹೆಲ್ಸಿಂಕಿಗೂ ಎಲೆ ಹಾಕಿದರು. 1982ರವರೆಗೆ ಮೆಟ್ರೋ ಕಾಣದಿದ್ದ ಊರದು. ಬಡಿಸುವವರು ನಮ್ಮವರಾದರೆ ಎಲ್ಲಿ ಕೂತರೇನು?

ಹೀಗೆ ನೀರು ಮತ್ತು ನಂಟು ಎರಡೂ ಸೇರಿ ಪರಿಷ್ಕೃತ ಲಕ್ಷಣ. (ಮುಂಬೈ ಹೇಗೆ ಒಳಗೆ ಹೋಯಿತೆಂದು ಕೇಳುವವರು ಲೋಕಲ್ ರೈಲು ಹತ್ತಿ ನೋಡಲಿ, ಅಲ್ಲಿ ಒಳಗೆ ಹೋಗುವುದು ಯಾರ ಇಚ್ಛೆಯೂ ಅಲ್ಲ.)

ಇನ್ನು ಬೆಂಗಳೂರು. ವೃಷಭಾವತಿ ನದಿಯಲ್ಲವೇ ಎಂಬುದು ಪೂರ್ವಪಕ್ಷ. ನದಿ ಹೌದು. ಆದರೆ ಆಟದಲ್ಲಿ ನೀರು ತಿಳಿಬಣ್ಣದ ಪಟ್ಟಿ. ಕೆಂಗೇರಿ ಕಡೆಯ ರೈಲಿನ ಕಿಟಕಿಯಿಂದ ವೃಷಭಾವತಿಯನ್ನು ಕಂಡವರು ಆ ಬಣ್ಣಕ್ಕೆ ಪ್ರಮಾಣ ಮಾಡಲಾರರು. ಎರಡನೆಯ ತೊಡಕು ಪ್ರಯಾಣಿಕರದು. ಮಿನಿ ಮೆಟ್ರೋದ ಪ್ರಯಾಣಿಕರು ಸಾತ್ವಿಕರು: ತ್ರಿಕೋನಕ್ಕೆ ಹೊರಟವನು ಯಾವ ತ್ರಿಕೋನದಲ್ಲಿ ಇಳಿಸಿದರೂ ಇಳಿಯುತ್ತಾನೆ. ಜಯನಗರಕ್ಕೆ ಹೊರಟ ನಮ್ಮವರನ್ನು ವಿಜಯನಗರದಲ್ಲಿ ಇಳಿಸಿ, "ಎರಡೂ ನಗರವೇ ತಾನೇ ಸ್ವಾಮಿ?" ಎಂದು ಕೇಳಿ ನೋಡಿ.

ಆದರೂ ಪ್ರಬಂಧಕಾರನ ಪಕ್ಷ ಬೆಂಗಳೂರಿನದೇ, ಮತ್ತು ಅದಕ್ಕೆ ಯಾರೂ ಗಮನಿಸದ ಆಧಾರವಿದೆ. ನಮ್ಮ ಮೆಟ್ರೋಗೆ ಸುರಂಗ ಕೊರೆದ ಯಂತ್ರಗಳ ಹೆಸರು ನೋಡಿ. ಮೊದಲ ಹಂತದಲ್ಲಿ ಹೆಲೆನ್, ಮಾರ್ಗರಿಟಾ ಎಂಬ ಪರದೇಶಿ ಹೆಂಗಸರ ಜೊತೆಗೆ ಕೃಷ್ಣಾ, ಕಾವೇರಿ, ಗೋದಾವರಿ. ಎರಡನೆಯ ಹಂತದಲ್ಲಿ ತುಂಗಾ, ಭದ್ರಾ, ವರದಾ. ಮಿಕ್ಕ ಊರುಗಳಲ್ಲಿ ಸುರಂಗವು ನದಿಯ ಅಡಿಯಲ್ಲಿ ಹೋಗುತ್ತದೆ. ಬೆಂಗಳೂರಿನಲ್ಲಿ ನದಿಯೇ ನೆಲದಡಿ ಇಳಿದು ಸುರಂಗ ಕೊರೆಯುತ್ತದೆ. ಇಷ್ಟು ನದಿಗಳು ಸಂಗಮಿಸಿದ ಪಟ್ಟಣ ಪುರಾಣದಲ್ಲೂ ಅಪರೂಪ.

ಗೋದಾವರಿ ತಿಂಗಳುಗಟ್ಟಲೆ ಭೂಗರ್ಭದಲ್ಲೇ ಸಿಕ್ಕಿಕೊಂಡಿದ್ದಳಲ್ಲ ಎಂದು ಪೂರ್ವಪಕ್ಷಿ ಮತ್ತೆ ಎದ್ದು ನಿಲ್ಲುತ್ತಾನೆ. ಅದರಿಂದ ಲಕ್ಷಣಕ್ಕೆ ಬಾಧೆಯಿಲ್ಲ. ಮಿನಿ ಮೆಟ್ರೋದಲ್ಲೂ ಸುರಂಗ ಸಿಗುವುದು ವಾರದ ಕೊನೆಗೆ. ಇಲ್ಲೂ ವಾರದ ಕೊನೆಗೇ ಎಂದಿಟ್ಟುಕೊಳ್ಳೋಣ. ಯಾವ ವಾರ ಎಂದು ಮೊದಲೇ ಹೇಳಿರಲಿಲ್ಲ, ಅಷ್ಟೇ.