ಧೂಳುರಾಯರು

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಧೂಳುರಾಯರು ಅನ್ನೋದು ನಮ್ಮ ಬೀದಿ ಇಟ್ಟದ್ದು. ಬ್ಯಾಂಕಿನಿಂದ ನಿವೃತ್ತರಾದ ಮರುವಾರವೇ ಮರ ಕೊರೆಯುವ ರೌಟರ್ ಮಷೀನ್ ತಂದು, ಕಾರು ನಿಲ್ಲಿಸುವ ಜಾಗದಲ್ಲೊಂದು ಮೇಜಿನಡಿಗೆ ಅದನ್ನು ತಲೆಕೆಳಗಾಗಿ ತೂಗುಹಾಕಿದರು. ಮನೆಯವರು ಕೇಳಿದ್ದು ಗೌರಿ ಹಬ್ಬಕ್ಕೆ ಒಂದು ಮಣೆ.

"ಮಣೆ ಏನು ಮಹಾ, ಅರ್ಧ ದಿನದ ಕೆಲಸ. ಮೊದಲು ಧೂಳಿಗೊಂದು ವ್ಯವಸ್ಥೆ ಆಗಲಿ" ಅಂದರು ರಾಯರು. ಆಮೇಲೆ ಮೂರು ಗೌರಿ ಹಬ್ಬ ಬಂದುಹೋದವು.

ಅವರ ಮಾತಲ್ಲಿ ಸುಳ್ಳಿಲ್ಲ, ಅದೇ ತೊಂದರೆ. ನಿಮಿಷಕ್ಕೆ 20,000 ಸುತ್ತಿಗೂ ಮೀರಿ ತಿರುಗುವ ರೌಟರಿನ ಅಲಗು ಮರವನ್ನು ಹಿಟ್ಟು ಮಾಡಿ ಮುಖಕ್ಕೆರಚುತ್ತದೆ. ಮರದ ಧೂಳಿನಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ರಾಯರು ಇದನ್ನು ಹಾಲಿನವನಿಗೂ ಹೇಳಿದರು. ಅಂದಿನಿಂದ ಅವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಓಡುತ್ತಾನೆ.

ಮೇಜಿನ ಮೇಲೆ ಮರವನ್ನು ಒರಗಿಸಿ ತಳ್ಳುವ ಫೆನ್ಸಿನ ಹಿಂದಿನಿಂದ ಎರಡೂವರೆ ಇಂಚಿನ ಕೊಳವೆ, ಅಡಿಯ ಪೆಟ್ಟಿಗೆಯಿಂದ ನಾಲ್ಕು ಇಂಚಿನದು, ಎರಡೂ ಕೂಡಿ ಸೈಕ್ಲೋನ್‌ಗೆ. ಅದೊಂದು ದೊಡ್ಡ ಆಲಿಕೆ. ಒಳಗೆ ಗಾಳಿ ಗಿರಗಿರ ಸುತ್ತುವಾಗ ಭಾರದ ಚಕ್ಕೆಯೆಲ್ಲ ಅಂಚಿಗೆ ಸರಿದು ಕೆಳಗಿನ ಬಕೆಟ್ಟಿಗೆ ಬೀಳುತ್ತದೆ, ಆಚೆಗಿರುವ ವ್ಯಾಕ್ಯೂಮಿನ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ರಾಯರು ಇದನ್ನು ಕಾಫಿ ಲೋಟ ಸುತ್ತಿಸಿ ತೋರಿಸುತ್ತಾರೆ. ಬಿಳಿ ಅಂಗಿ ತೊಟ್ಟು ಅವರ ಮನೆಗೆ ಹೋಗುವುದನ್ನು ನಾನು ಬಿಟ್ಟಿದ್ದೇನೆ.

ಮೊದಲ ಪರೀಕ್ಷೆಯ ದಿನ ಬೀದಿಯೇ ನೆರೆದಿತ್ತು. ಕೊಳವೆಯಲ್ಲೊಂದು ಚಕ್ಕೆ ಅಡ್ಡ ಸಿಕ್ಕಿಕೊಂಡಿತು. ಪೇಂಟಿನ ಹಳೇ ಬಕೆಟ್ಟು ಹಲ್ಲಿಲ್ಲದ ಅಜ್ಜಿಯ ಕೆನ್ನೆಯ ಹಾಗೆ ಒಳಗೆ ಸೇದಿಕೊಂಡು ಮುದುಡಿತು. ಎರಡನೇ ಸಲ ಅಡಿಪೆಟ್ಟಿಗೆಯ ಸಂದುಗೊಂದಿಯನ್ನೆಲ್ಲ ಮೆತ್ತಿ ಬಿಗಿ ಮಾಡಿದರು. ಎಳೆತವೇ ನಿಂತುಹೋಯಿತು. ಎದುರು ಮನೆಗೆ ಬಾಗಿಲು ಮಾಡುತ್ತಿದ್ದ ಆಚಾರಿ ಬಂದು ಬಗ್ಗಿ ನೋಡಿದ. "ಗಾಳಿ ಒಳಗೆ ಬರೋಕೇ ದಾರಿ ಬಿಟ್ಟಿಲ್ವಲ್ಲ ಸ್ವಾಮಿ, ಹೊರಗೆ ಏನು ಹೋಗ್ಬೇಕು?"

ಆಚಾರಿಯ ಸ್ವಂತ ವ್ಯವಸ್ಥೆ ಅಂದರೆ ಮೂಗಿಗೊಂದು ಟವೆಲ್ಲು, ಸಂಜೆಗೊಂದು ಪೊರಕೆ. ಅವನ ಕೆಮ್ಮು ಕೇಳಿದಾಗ ರಾಯರನ್ನು ನೋಡಿ ನಗುವುದಕ್ಕೆ ನನಗೆ ಸ್ವಲ್ಪ ಹಿಂಜರಿಕೆ. ಸ್ವಲ್ಪವೇ.

ಈಗ ಎಲ್ಲ ಸರಿಹೋಗಿದೆ. ಆದರೆ ಹಿಡಿಯೋಕೆ ಧೂಳು ಬೇಕಲ್ಲ? ಪ್ರತಿ ಭಾನುವಾರ ಒಂದು ತುಂಡು ಸಾಗುವಾನಿಯನ್ನು ಕೊರೆದು ಕೊರೆದು ಹಲ್ಲುಕಡ್ಡಿಯಷ್ಟು ಮಾಡಿ, ಬಕೆಟ್ಟಿಗೆ ಬಿದ್ದ ಹುಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಾರೆ. ಗ್ರಾಂ ಹೆಚ್ಚಿದ ದಿನ ಬೀದಿಗೆಲ್ಲ ಕಾಫಿ.

ಈ ವರ್ಷ ಮನೆಯವರು ಸುಮ್ಮನೆ ಗಾಂಧಿಬಜಾರಿಗೆ ಹೋಗಿ ಮಣೆ ಕೊಂಡುತಂದರು. ರಾಯರಿಗೆ ಒಂಚೂರೂ ಬೇಸರವಾಗಲಿಲ್ಲ. ಮಣೆ ಮಗುಚಿ, ಅಡಿಗೆ ಬೆರಳೆಳೆದು, ಬೆರಳನ್ನು ದೀಪದ ಬೆಳಕಿಗೆ ಹಿಡಿದರು. ಮುಖ ಅರಳಿತು.

"ನೋಡಿದ್ಯೇನೇ, ಎಲ್ಲಾ ಹುಡಿ!" ಅಂದವರೇ, ಅರಿಸಿನ ಕುಂಕುಮಕ್ಕೆ ಬಂದು ಕೂತ ಮುತ್ತೈದೆಯರ ನಡುವೆ ನಾಲ್ಕಿಂಚಿನ ಕೊಳವೆ ಎಳೆದುಕೊಂಡು ಬಂದರು.